ನೀರಿನ ಸ್ನೇಹ

ಈಜು, ಸೈಕಲ್ ಸವಾರಿ, ಓಟ—ಈ ಮೂರನ್ನೂ ಎಡೆಬಿಡದೆ ಮುಗಿಸುವ ಪಂದ್ಯಕ್ಕೆ ಟ್ರಯಥ್ಲಾನ್ ಎಂದು ಹೆಸರು. 2000ದಲ್ಲಿ ಸಿಡ್ನಿಯ ಒಲಿಂಪಿಕ್ಸಿನಲ್ಲಿ ಇದಕ್ಕೆ ಸ್ಥಾನ ದೊರೆಯಿತು. ಹೊಸಬರಿಗೆ ಒಗ್ಗುವ ಸ್ಪ್ರಿಂಟ್ ಪಂದ್ಯದಲ್ಲಿ 750 ಮೀಟರ್ ಈಜು, 20 ಕಿಲೋಮೀಟರ್ ಸವಾರಿ, 5 ಕಿಲೋಮೀಟರ್ ಓಟ. ಅಳತೆಯಲ್ಲಿ ಕಿರಿದಾದ ಈಜೇ ಅಂಜಿಕೆಯಲ್ಲಿ ಹಿರಿದು.

ನೆಲದ ಮೇಲೆ ದಣಿದವನು ನಿಲ್ಲಬಲ್ಲನು; ನೀರಿನಲ್ಲಿ ನಿಲ್ಲುವುದೆಲ್ಲಿ? ಆದುದರಿಂದ ಹೊಸಬನು ಜಿಪುಣನು ಹಣವನ್ನು ಹಿಡಿದಂತೆ ಉಸಿರನ್ನು ಬಿಗಿಹಿಡಿಯುವನು. ರಕ್ತದಲ್ಲಿ ಇಂಗಾಲಾಮ್ಲ ವಾಯು ಹೆಚ್ಚಿ ದಿಗಿಲು ಹುಟ್ಟುವುದು. ಮುಖವನ್ನು ನೀರಿನಲ್ಲಿಟ್ಟು, ಗುಳ್ಳೆಗುಳ್ಳೆಯಾಗಿ ಉಸಿರನ್ನು ಬಿಟ್ಟುಕೊಡಲು ಕಲಿತ ದಿನವೇ ಆತನಿಗೆ ಮುಂದಿನ ಉಸಿರು ತಾನಾಗಿ ಬರುವುದು. ಅಂಗಾತನಾಗಿ ತೇಲಲು ಬಂದರಂತೂ ನೀರಿನಲ್ಲಿಯೂ ನಿಲ್ಲಲೆಡೆ ದೊರೆತಂತೆಯೇ.

ಪಂದ್ಯದ ದಿನ ಆತನು ಎಲ್ಲರಿಗಿಂತ ಹಿಂದೆಯೇ ದಡ ಸೇರಲಿ. ಅಂಜದೆ ಸೇರಿದರೆ ಸಾಕು. ಉಳಿದುದೆಲ್ಲವೂ ನೆಲದ ಮಾತು.