ಅಜ್ಜನ ತಾಳ

ಫೆಲೋಶಿಪ್ ನಿಂತ ತಿಂಗಳು ಶಿಕಾರಿಪುರಕ್ಕೆ ಮರಳಿದ್ದೆ. 'ಪಿಎಚ್‌ಡಿ ಯಾವಾಗ ಮುಗಿಯುತ್ತೆ?' ಎನ್ನುವವರಿಂದ ತಪ್ಪಿಸಿಕೊಂಡು ಸೊರಬದ ಬಸ್ಸು ಹತ್ತಿ, ಇಯರ್‌ಫೋನಿನಲ್ಲಿ ರಘು ದೀಕ್ಷಿತ್ ಪ್ರಾಜೆಕ್ಟ್ ಕೇಳತೊಡಗಿದೆ.

ರಘು ಮೈಸೂರಿನಲ್ಲಿ ಮೈಕ್ರೋಬಯಾಲಜಿ ಓದಿದವರು. ಶಿಶುನಾಳ ಷರೀಫರ ಪದಗಳಿಗೆ ಗಿಟಾರು ಕೂಡಿಸಿದರು. ಆಡಿಯೋ ಕಂಪನಿಗಳ ಬಾಗಿಲು ಬಡಿಯುವುದರಲ್ಲೇ ವರ್ಷಗಳು ಕಳೆದವು. ಕೊನೆಗೆ 2008ರಲ್ಲಿ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಮೊದಲ ಆಲ್ಬಂ ಹೊರತಂದರು. 2011ರಲ್ಲಿ ತಂಡ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹಾಡಿತು.

'ಏನ್ ಕೇಳ್ತಿದೀಯ ತಮ್ಮಾ?' ಪಕ್ಕದ ಅಜ್ಜ ಕೇಳಿದರು. ಒಂದು ಇಯರ್‌ಫೋನ್ ಅವರ ಕಿವಿಗಿಟ್ಟೆ. 'ಅಯ್ಯ, ಇದು ನಮ್ಮ ಭಜನೆ ಪದ!' ಎಂದು ತೊಡೆಯ ಮೇಲೆ ತಾಳ ಹಾಕತೊಡಗಿದರು. ಶಿರಾಳಕೊಪ್ಪ ದಾಟಿದರೂ ಕೈ ನಿಲ್ಲಲಿಲ್ಲ.

ನನ್ನ ಪ್ರಬಂಧವೂ ಷರೀಫರ ಮೇಲೆಯೇ. ಅದರ ನೂರಾರು ಅಡಿಟಿಪ್ಪಣಿಗಳಲ್ಲಿ ಆ ತಾಳಕ್ಕೆ ಜಾಗವಿರಲಿಲ್ಲ. ರಾತ್ರಿ ಮೊದಲ ಅಧ್ಯಾಯವನ್ನು ಮತ್ತೆ ತೆರೆದೆ.