ಆರು ಪೌಂಡಿನ ಮೊಲ

ಚಿತ್ರ ಬರೆದರೆ ಹೊಟ್ಟೆ ತುಂಬುತ್ತದೆಯೇ? ಎಸ್ಸೆಸ್ಸೆಲ್ಸಿ ಮುಗಿಸಿದ ಮಗನೋ ಮಗಳೋ ಚಿತ್ರ ಬರೆಯುವುದನ್ನೇ ವೃತ್ತಿ ಮಾಡಿಕೊಳ್ಳುತ್ತೇನೆ ಎಂದಾಗ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ ಇದು. ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ತಿಂಗಳ ಸಂಬಳವಿಲ್ಲ, ಪಿಂಚಣಿಯಿಲ್ಲ, ಮುಂದಿನ ಕೆಲಸ ಎಲ್ಲಿಂದ ಬಂದೀತೆಂಬ ಖಾತ್ರಿಯಿಲ್ಲ. ಆದರೆ ‘ಇಲ್ಲ’ ಎಂದು ತೀರ್ಪು ಕೊಡುವ ಮುನ್ನ ತಂದೆತಾಯಿಗಳೂ, ‘ಹೌದು’ ಎಂದು ಹಟ ಹಿಡಿಯುವ ಮುನ್ನ ಮಕ್ಕಳೂ ಇಂಗ್ಲೆಂಡಿನ ಬಿಯಾಟ್ರಿಕ್ಸ್ ಪಾಟರ್‌ಳ ಕಥೆಯನ್ನು ಒಮ್ಮೆ ಕೇಳುವುದು ಒಳ್ಳೆಯದು.

ಬಿಯಾಟ್ರಿಕ್ಸ್ 1866ರಲ್ಲಿ ಲಂಡನ್ನಿನ ಶ್ರೀಮಂತ ಮನೆತನದಲ್ಲಿ ಹುಟ್ಟಿದಳು. ಆಕೆಯನ್ನು ಶಾಲೆಗೆ ಕಳಿಸಲಿಲ್ಲ, ಮನೆಪಾಠವೇ ವಿದ್ಯಾಭ್ಯಾಸ. ಜೊತೆಗಾರರ ಕೊರತೆಯನ್ನು ಮೊಲ, ಇಲಿ, ಹಲ್ಲಿ, ಮುಳ್ಳುಹಂದಿಗಳು ತುಂಬಿದವು. ಆಕೆ ಅವುಗಳನ್ನು ಮುದ್ದಿಸಿ ಸುಮ್ಮನಾಗಲಿಲ್ಲ. ಕುಳಿತಾಗ, ಮಲಗಿದಾಗ, ತಿನ್ನುವಾಗ ನೋಡಿ ನೋಡಿ ಬರೆದಳು. ಸತ್ತ ಪ್ರಾಣಿಗಳ ಎಲುಬುಗಳನ್ನೂ ತೆಗೆದಿಟ್ಟು ಅಭ್ಯಾಸ ಮಾಡಿದಳು. ಮುಂದೆ ಆಕೆಯ ಮೊಲ ನೀಲಿ ಕೋಟು ತೊಟ್ಟು ನಿಂತಾಗಲೂ ಕೋಟಿನೊಳಗೆ ನಿಜವಾದ ಮೊಲದ ಮೈಕಟ್ಟೇ ಇತ್ತು.

ಮೊದಲ ಸಂಪಾದನೆ ಬಂದದ್ದು 1890ರಲ್ಲಿ. ತನ್ನ ಸಾಕುಮೊಲವನ್ನು ಮಾದರಿಯಾಗಿಟ್ಟು ಶುಭಾಶಯ ಪತ್ರಗಳಿಗೆ ಕೆಲವು ಚಿತ್ರ ಬರೆದಳು. ಮೊದಲು ಕಳಿಸಿದ ಕಂಪನಿ ಕೂಡಲೇ ಹಿಂದಿರುಗಿಸಿತು. ಎರಡನೆಯದು ಆರು ಪೌಂಡಿನ ಚೆಕ್ಕು ಕಳಿಸಿತು. ಆ ಸಂತೋಷಕ್ಕೆ ಆಕೆ ಮೊಲಕ್ಕೆ ಒಂದು ಬಟ್ಟಲು ಬೀಜ ತಿನ್ನಿಸಿದಳಂತೆ!

ಇದೇ ಕಾಲದಲ್ಲಿ ಅಣಬೆಗಳ ಮೇಲೂ ಆಕೆಯ ಕಣ್ಣು ಬಿತ್ತು. ಸೂಕ್ಷ್ಮದರ್ಶಕವಿಟ್ಟು ನೂರಾರು ಚಿತ್ರ ಬರೆದಳು. ಅಣಬೆಯ ಬೀಜಕಗಳು ಮೊಳೆಯುವ ಬಗ್ಗೆ ಆಕೆ ಬರೆದ ಪ್ರಬಂಧ 1897ರಲ್ಲಿ ಲಂಡನ್ನಿನ ಲಿನೇಯನ್ ಸೊಸೈಟಿಯ ಮುಂದೆ ಬಂತು. ಆದರೆ ಮಂಡಿಸಿದವರು ಬೇರೊಬ್ಬರು. ಹೆಂಗಸರಿಗೆ ಆಗ ಆ ಸಭೆಗೆ ಪ್ರವೇಶವಿರಲಿಲ್ಲ. ಪ್ರಬಂಧ ಅಚ್ಚಾಗಲೇ ಇಲ್ಲ. ಚಿತ್ರಗಳು ಮಾತ್ರ ಉಳಿದವು. 1967ರಲ್ಲಿ, ಆಕೆ ತೀರಿಕೊಂಡು 24 ವರ್ಷಗಳಾದ ಮೇಲೆ, ಅಣಬೆಗಳನ್ನು ಕುರಿತ ಒಂದು ಶಾಸ್ತ್ರೀಯ ಗ್ರಂಥಕ್ಕೆ ಅವು ಚಿತ್ರಗಳಾದವು. ಸರಿಯಾಗಿ ನೋಡಿ ಬರೆದ ಚಿತ್ರ ಹಳತಾಗುವುದಿಲ್ಲ.

ಆಕೆಯ ಹೆಸರು ಮನೆಮಾತಾದದ್ದು ಒಂದು ಕಾಗದದಿಂದ. 1893ರ ಸೆಪ್ಟೆಂಬರಿನಲ್ಲಿ, ಕಾಯಿಲೆಯಿಂದ ಮಲಗಿದ್ದ ಐದು ವರ್ಷದ ಹುಡುಗನೊಬ್ಬನಿಗೆ ಪೀಟರ್ ಎಂಬ ತುಂಟ ಮೊಲದ ಕಥೆಯನ್ನು ಚಿತ್ರಸಹಿತ ಬರೆದು ಕಳಿಸಿದ್ದಳು. ಹುಡುಗ ಅದನ್ನು ಜೋಪಾನವಾಗಿಟ್ಟಿದ್ದ. ವರ್ಷಗಳ ಮೇಲೆ ಆಕೆ ಅದನ್ನು ಅವನಿಂದ ಕಡ ತಂದು, ಹಿಗ್ಗಿಸಿ ಪುಸ್ತಕ ಮಾಡಿದಳು. ಪ್ರಕಾಶಕರು ಒಬ್ಬರಾದ ಮೇಲೊಬ್ಬರು ಬೇಡವೆಂದರು. ಪುಸ್ತಕ ದೊಡ್ಡದಾಗಿರಲಿ ಎಂಬ ಸಲಹೆಯೂ ಬಂತು. ಆಕೆ ಒಪ್ಪಲಿಲ್ಲ. ಮಕ್ಕಳ ಪುಟ್ಟ ಕೈಗೆ ಹಿಡಿಸುವ ಗಾತ್ರ, ಅಪ್ಪಂದಿರ ಜೇಬಿಗೆ ಹಿಡಿಸುವ ಬೆಲೆ, ಇವೆರಡನ್ನೂ ಬಿಟ್ಟುಕೊಡಲಿಲ್ಲ. ತನ್ನ ಗಿರಾಕಿ ಯಾರೆಂಬುದು ಆಕೆಗೆ ಪ್ರಕಾಶಕರಿಗಿಂತ ಚೆನ್ನಾಗಿ ಗೊತ್ತಿತ್ತು.

ಕೊನೆಗೆ 1901ರ ಡಿಸೆಂಬರಿನಲ್ಲಿ ಸ್ವಂತ ಖರ್ಚಿನಿಂದ 250 ಪ್ರತಿ ಅಚ್ಚು ಹಾಕಿಸಿ ಬಂಧುಗಳಿಗೆ, ಸ್ನೇಹಿತರಿಗೆ ಹಂಚಿದಳು, ಮಾರಿದಳು. ಅವು ಬೇಗ ಮುಗಿದು ಮರುವರ್ಷ ಫೆಬ್ರವರಿಯಲ್ಲಿ ಇನ್ನೂ 200 ಬೇಕಾದವು. ಮೊದಲು ಬೇಡವೆಂದಿದ್ದ ಫ್ರೆಡರಿಕ್ ವಾರ್ನ್ ಕಂಪನಿ, ಚಿತ್ರಗಳಿಗೆಲ್ಲ ಬಣ್ಣ ಹಾಕಿಕೊಟ್ಟರೆ ಪ್ರಕಟಿಸುತ್ತೇವೆಂದಿತು. ಆಗತಾನೇ ಬಳಕೆಗೆ ಬರುತ್ತಿದ್ದ ತ್ರಿವರ್ಣ ಮುದ್ರಣದಲ್ಲಿ, ಅಂದರೆ ಹಳದಿ, ಕೆಂಪು, ನೀಲಿಗೆ ಒಂದೊಂದು ಅಚ್ಚುಫಲಕ ಮಾಡಿ ಒಂದರ ಮೇಲೊಂದು ಒತ್ತುವ ವಿಧಾನದಲ್ಲಿ, 1902ರ ಅಕ್ಟೋಬರಿನಲ್ಲಿ ಪುಸ್ತಕ ಹೊರಬಂತು. ವರ್ಷ ಮುಗಿಯುವುದರೊಳಗೆ 28,000 ಪ್ರತಿಗಳು ಅಚ್ಚಾದವು.

ಇಲ್ಲಿ ಲೆಕ್ಕ ಹಾಕಬೇಕು. ಆರು ಪೌಂಡಿನ ಚೆಕ್ಕಿನಿಂದ ಈ ಪುಸ್ತಕದವರೆಗೆ ಹನ್ನೆರಡು ವರ್ಷ. ಆಕೆಗೆ ಆಗ 36. ಶ್ರೀಮಂತರ ಮಗಳಾದ್ದರಿಂದ ಅನ್ನದ ಚಿಂತೆ ಇರಲಿಲ್ಲ. ಆ ಅನುಕೂಲವಿಲ್ಲದ ಮಕ್ಕಳು ಕಾಯುವ ವರ್ಷಗಳಿಗೆ ಆಧಾರವಾಗಿ ಒಂದು ಪದವಿಯನ್ನೋ ಇನ್ನೊಂದು ಕೆಲಸವನ್ನೋ ಇಟ್ಟುಕೊಳ್ಳುವುದು ಹೇಡಿತನವಲ್ಲ, ಜಾಣತನ.

ಹೆಸರು ಬಂದ ಮೇಲೂ ಬಿಯಾಟ್ರಿಕ್ಸ್ ಕೈಕಟ್ಟಿ ಕೂರಲಿಲ್ಲ. 1903ರಲ್ಲಿ ಪೀಟರ್ ಮೊಲದ ಬೊಂಬೆಯನ್ನು ತಾನೇ ಹೊಲಿದು, ಲಂಡನ್ನಿನ ಪೇಟೆಂಟ್ ಕಚೇರಿಯಲ್ಲಿ ನೋಂದಾಯಿಸಿದಳು. ಆಮೇಲೆ ಹಾಸಿನ ಆಟ, ಗೋಡೆಕಾಗದ, ಬಣ್ಣ ತುಂಬುವ ಪುಸ್ತಕ ಬಂದವು. ಅತ್ತ ಅಮೆರಿಕದಲ್ಲಿ ಪ್ರಕಾಶಕರು ಪುಸ್ತಕದ ಕೃತಿಸ್ವಾಮ್ಯ ನೋಂದಾಯಿಸಿರಲಿಲ್ಲ. ಅಲ್ಲಿ ಕಳ್ಳಮುದ್ರಣಗಳು ಹೊರಟವು. ಅವುಗಳಿಂದ ಆಕೆಗೆ ಒಂದು ಕಾಸೂ ದಕ್ಕಲಿಲ್ಲ. ಚಿತ್ರ ಬರೆಯುವ ಕೈಗೆ ಕರಾರು ಓದುವ ಕಣ್ಣೂ ಬೇಕು. ನಮ್ಮಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆ ಚಿತ್ರಗಳಿಗೂ ರಕ್ಷಣೆ ಕೊಡುತ್ತದೆ. ಆದರೂ ಹಣ ಪಡೆದು ಬರೆದುಕೊಡುವಾಗ ಹಕ್ಕು ಯಾರದು, ಎಷ್ಟು ಸಲ ಬಳಸಬಹುದು ಎಂಬುದನ್ನು ಕಾಗದದ ಮೇಲೆ ಬರೆಸಿಕೊಳ್ಳದವರು ಆಮೇಲೆ ಪೇಚಾಡುವುದುಂಟು.

1905ರಲ್ಲಿ ಆಕೆ ಪುಸ್ತಕಗಳ ಗಳಿಕೆಗೆ ಬಂಧುವೊಬ್ಬರಿಂದ ಬಂದ ಸ್ವಲ್ಪ ಹಣ ಸೇರಿಸಿ, ಸರೋವರಗಳ ಸೀಮೆಯಲ್ಲಿ ಹಿಲ್ ಟಾಪ್ ಎಂಬ ತೋಟ ಕೊಂಡಳು. ಅದುವರೆಗೆ ತಂದೆತಾಯಿಗಳ ನೆರಳಿನಲ್ಲೇ ಬಾಳಿದ್ದವಳಿಗೆ ಅದು ಸ್ವಂತ ನೆಲ. 1943ರಲ್ಲಿ ಕಣ್ಣು ಮುಚ್ಚಿದಾಗ ನಾಲ್ಕು ಸಾವಿರಕ್ಕೂ ಹೆಚ್ಚು ಎಕರೆ ಭೂಮಿಯನ್ನು ನ್ಯಾಷನಲ್ ಟ್ರಸ್ಟಿಗೆ ಬಿಟ್ಟುಹೋದಳು.

ಎಲ್ಲ ಮಕ್ಕಳೂ ಬಿಯಾಟ್ರಿಕ್ಸ್ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಇಂದು ಚಿತ್ರವನ್ನು ಲೋಕಕ್ಕೆ ತೋರಿಸಲು ಅಚ್ಚುಕೂಟ ಬೇಡ, ಕೈಯಲ್ಲಿನ ಫೋನು ಸಾಕು. ಆದರೆ ತೋರಿಸುವುದು ಸುಲಭವಾದಷ್ಟಕ್ಕೆ ನೋಡುವುದು ಸುಲಭವಾಗಿಲ್ಲ. ವಿಜ್ಞಾನದ ರೆಕಾರ್ಡ್ ಪುಸ್ತಕದಲ್ಲಿ ದಾಸವಾಳದ ಚಿತ್ರ ಬರೆಯುವಾಗ ಪಕ್ಕದವನ ಪುಸ್ತಕ ನೋಡುವವರು ಬಹಳ, ದಾಸವಾಳ ನೋಡುವವರು ವಿರಳ. ಮಗ ಅಥವಾ ಮಗಳು ಆ ಎರಡನೆಯ ಗುಂಪಿನವರೋ ಎಂದು ತಂದೆತಾಯಿಗಳು ಮೊದಲು ಗಮನಿಸಲಿ. ಹೌದಾದರೆ, ಹೊಟ್ಟೆ ತುಂಬುತ್ತದೆಯೇ ಎಂಬ ಪ್ರಶ್ನೆಯನ್ನು ಮಗುವನ್ನು ಬಾಯಿ ಮುಚ್ಚಿಸಲು ಕೇಳದೆ, ಮಗುವಿನ ಜೊತೆ ಕುಳಿತು ಲೆಕ್ಕ ಹಾಕಲು ಕೇಳಲಿ.