ಎಡಪ್ಪಳ್ಳಿಯ ಪಡುಗಿಟಕಿಗೆ ಮೋಟಾರು ಪರದೆ
ಕೊಚ್ಚಿಯ ಎಡಪ್ಪಳ್ಳಿಯಲ್ಲಿ ಲುಲು ಮಾಲ್ ಮತ್ತು ಮೆಟ್ರೋ ನಿಲ್ದಾಣದ ಸುತ್ತ ಎದ್ದಿರುವ ಬಹುಮಹಡಿ ವಸತಿಗಳಿಗೆ ಕೇರಳದ ಹಳೆಯ ಮನೆಗಳಿಗಿದ್ದ ತಗ್ಗಿ ಇಳಿದ ಸೂರು ಇಲ್ಲದಿರುವುದರಿಂದ ಇಳಿಹೊತ್ತಿನ ಬಿಸಿಲು ಪಡುವಣ ಗಾಜಿಗೆ ನೇರವಾಗಿ ಬಡಿಯುತ್ತದೆ. ಗುಂಡಿಯೊತ್ತಿದರೆ ಏರಿಳಿಯುವ ಮೋಟಾರು ಪರದೆಗಳಿಗೆ ಇಂಥಲ್ಲಿ ನಿಜವಾದ ಕೆಲಸವಿದೆ. ಬಟ್ಟೆ ಸುತ್ತಿಕೊಳ್ಳುವ ಲೋಹದ ಕೊಳವೆಯೊಳಗೇ ಅಡಗಿರುವ ಮೋಟಾರಿಗೆ, ಪರದೆ ಮೇಲೆ ಎಲ್ಲಿ ಮತ್ತು ಕೆಳಗೆ ಎಲ್ಲಿ ನಿಲ್ಲಬೇಕೆಂಬ ಎರಡು ಮಿತಿಗಳನ್ನು, ಅಂದರೆ ‘ಲಿಮಿಟ್’ಗಳನ್ನು, ಅಳವಡಿಕೆಯ ವೇಳೆಯಲ್ಲೇ ಹೊಂದಿಸಬೇಕಾಗುತ್ತದೆ; ಎರಡು ಬದಿಯ ಬ್ರಾಕೆಟ್‌ಗಳು ಸಮಮಟ್ಟದಲ್ಲಿರದಿದ್ದರೆ ಬಟ್ಟೆ ಒಂದೆಡೆಗೆ ಸರಿದು ಅದರ ಅಂಚು ಸವೆಯುತ್ತದೆ. ವಿದ್ಯುತ್ ತಂತಿ ಗೋಡೆಯೊಳಗೆ ಹಾಯಬೇಕಾದುದರಿಂದ ಗಾರೆ ಕೆಲಸಕ್ಕೆ ಮೊದಲೇ ನಿರ್ಧರಿಸುವುದು ಲೇಸು. ತಡವಾದವರಿಗೆ ಚಾರ್ಜ್ ಮಾಡುವ ಬ್ಯಾಟರಿ ಮೋಟಾರುಗಳುಂಟು. ಎಳೆಯ ಮಕ್ಕಳ ಕೊರಳಿಗೆ ಸಿಲುಕಬಹುದಾದ ಹಗ್ಗದ ಕುಣಿಕೆ ಇಲ್ಲವಾಗುವುದೇ ಈ ಏರ್ಪಾಡಿನ ಅತಿ ದೊಡ್ಡ ಗುಣ, ಅನುಕೂಲವೆಂಬುದು ಅದರ ನಂತರದ್ದು. ಆದರೆ ಗಾಜನ್ನು ದಾಟಿ ಒಳಬಂದ ಶಾಖವನ್ನು ಒಳಗಿನ ಪರದೆ ಪೂರ್ತಿಯಾಗಿ ಹಿಂದಕ್ಕೆ ಕಳಿಸಲಾರದು. ಬಿಸಿಲನ್ನು ಗಾಜಿನ ಹೊರಗೇ ತಡೆಯುವ ಬಿದಿರ ತಟ್ಟಿ ಆ ಕೆಲಸದಲ್ಲಿ ಇಂದಿಗೂ ಮೇಲು. ಜೂನ್‌ನಿಂದ ಸುರಿಯುವ ಮಳೆಯ ತೇವಕ್ಕೆ ಹತ್ತಿಬಟ್ಟೆ ಬೇಗ ಬೂಷ್ಟು ಹಿಡಿಯುವುದರಿಂದ, ಈ ಕರಾವಳಿಯವರು ಪಾಲಿಯೆಸ್ಟರ್ ಬಟ್ಟೆಯನ್ನೇ ಆರಿಸಬೇಕು.